ಮನೆಹಾಳು ಆಟಕ್ಕೆ ಬಂದ ಸೊಸೆ

ಸೊಸೆ ಬಂದ ಮೇಲೆ ಆ ಮನೆಯಲ್ಲಿ ಭಾನುವಾರ ಜನ ಸಾಯುವುದೇ ನಿಂತುಹೋಯಿತು. ಒಳ್ಳೆಯದೇ ಆಯಿತಲ್ಲ ಎನ್ನುವವರಿಗೆ ಆ ಮನೆಯ ಸಂಗತಿ ಗೊತ್ತಿಲ್ಲ. ಅವಳು ಬರುವುದಕ್ಕೆ ಮುಂಚೆ ಪ್ರತಿ ಭಾನುವಾರ ಮಧ್ಯಾಹ್ನ ಎರಡರಿಂದ ಮೂರು ಗಂಟೆಯೊಳಗೆ ಕಡಿಮೆಯೆಂದರೂ ಹತ್ತು ಹನ್ನೆರಡು ಜನ ಅಚ್ಚುಕಟ್ಟಾಗಿ ಸಾಯುತ್ತಿದ್ದರು. ಮೂರೂಕಾಲಿಗೆ ಮಾವ ಮಲಗುತ್ತಿದ್ದರು, ನಾದಿನಿ ನಾಲ್ಕರ ಬಸ್ಸು ಹಿಡಿಯುತ್ತಿದ್ದಳು, ಅತ್ತೆ ಗೆದ್ದ ಹುಮ್ಮಸ್ಸಿನಲ್ಲಿ ಹೊಲಿಗೆ ಮಷೀನಿನ ಮುಂದೆ ಕೂತು ಎರಡು ಶರಟು ಮುಗಿಸುತ್ತಿದ್ದರು. ಎಲ್ಲರೂ ನೆಮ್ಮದಿಯಾಗಿದ್ದರು.

ಸಾಯುತ್ತಿದ್ದವರು ರಟ್ಟಿನವರು. ಆಟದ ಹೆಸರು ಮನೆಹಾಳು. ಮಾವ ಲಿಫ್ಟ್ ಮೆಕ್ಯಾನಿಕ್ ಆಗಿದ್ದವರು. ಅವರು ನಿವೃತ್ತರಾದ ದಿನ ಜತೆಯವರೆಲ್ಲ ಸೇರಿ ಅದನ್ನು ಉಡುಗೊರೆ ಕೊಟ್ಟಿದ್ದರು. ಡಬ್ಬಿಯ ಮೇಲೆ ಒಂದು ಸಂಸಾರ ಸಾಲಾಗಿ ನಿಂತು ನಗುತ್ತಿತ್ತು, ಹಿಂದುಗಡೆ ಅವರದೇ ಮನೆಗೆ ಬೆಂಕಿ ಬಿದ್ದಿತ್ತು. ಕೈಗಡಿಯಾರ ಕೊಡುತ್ತಾರೆಂದುಕೊಂಡಿದ್ದ ಮಾವ ಮೂರು ದಿನ ಮುಖ ಗಂಟಿಕ್ಕಿಕೊಂಡಿದ್ದು, ನಾಲ್ಕನೆಯ ದಿನ ಹೆಂಡತಿಯ ಜತೆ ಆಡಿ ನೋಡಿದರು. ಅಲ್ಲಿಂದ ಹನ್ನೆರಡು ವರ್ಷ ಒಂದು ಭಾನುವಾರವೂ ತಪ್ಪಿಲ್ಲ.

ಆಟ ಸುಲಭ. ಆಡುವವರಿಗೆ ತಲಾ ಒಂದು ಸಂಸಾರ ಸಿಗುತ್ತದೆ: ಅಜ್ಜ, ಯಜಮಾನ, ಹೆಂಡತಿ, ಮಗಳು. ಕೆಲಸ ಹೋಯಿತು, ಏಣಿ ಮುರಿಯಿತು, ನಾಯಿ ಕಚ್ಚಿತು ಎಂಬಂಥ ಕಷ್ಟದ ಎಲೆಗಳು ಕೈಗೆ ಬರುತ್ತವೆ. ಅವನ್ನು ತನ್ನದೇ ಸಂಸಾರದ ಮೇಲೆ ಇಳಿಸಿ, ಚೆನ್ನಾಗಿ ಗೋಳಾಡಿಸಿ, ಕಡೆಗೆ ಕಪ್ಪು ಎಲೆ ಹಾಕಿ ಒಬ್ಬೊಬ್ಬರನ್ನೇ ಮುಗಿಸಬೇಕು. ಒಂದು ಸಂಸಾರ ಪೂರ್ತಿ ಮುಗಿದರೆ ಆಟ ಮುಗಿಯಿತು, ಯಾರ ಸಂಸಾರ ಹೆಚ್ಚು ಗೋಳಾಡಿ ಸತ್ತಿತೋ ಅವರು ಗೆದ್ದ ಹಾಗೆ. ಸುಖವಾಗಿ ಬದುಕುಳಿದವರಿಗೆ ಒಂದಂಕವೂ ಇಲ್ಲ. ಬರೀ ಎಲೆ ಎಸೆದರೆ ನಡೆಯುವುದಿಲ್ಲ, ಅದು ಹೇಗಾಯಿತೆಂದು ಕತೆ ಹೇಳಬೇಕು. ಉಳಿದವರು ಒಟ್ಟು ಮೂರು ಪ್ರಶ್ನೆ ಕೇಳಬಹುದು. ಒಂದಕ್ಕೆ ಉತ್ತರ ತಪ್ಪಿದರೂ ಎಲೆ ವಾಪಸ್ಸು ಕೈಗೆ ಬರುತ್ತದೆ. ಇಷ್ಟು ಡಬ್ಬಿಯಲ್ಲಿ ಬಂದ ಕಾನೂನು. ಇದರ ಮೇಲೆ ಅತ್ತೆಯದು ಒಂದಿತ್ತು: ಆಟದ ಮಧ್ಯೆ ಯಾರಾದರೂ 'ಅಯ್ಯೋ ಪಾಪ' ಎಂದರೆ ಅವರ ಒಂದು ಸರದಿ ಕಟ್.

ಅತ್ತೆ ಈ ಆಟದಲ್ಲಿ ಪಳಗಿದ ಕೈ. ಕಳೆದುಹೋದ ಎಲೆಗಳಿಗೆ ಬದಲಾಗಿ ಶರಟಿನ ಕಾಲರಿನೊಳಗೆ ಇಡುವ ರಟ್ಟನ್ನು ಕತ್ತರಿಸಿ ತಾವೇ ಎಲೆ ಬರೆದಿದ್ದರು. ಡಬ್ಬಿಯಲ್ಲಿ ಬಂದ ಎಲೆಗಳಿಗಿಂತ ಅವೇ ಭಯಂಕರ. ಮಾವನದು ಬೇರೆಯೇ ವರಸೆ. ಅವರ ಸಂಸಾರದವರು ಸಾಯುವುದೆಲ್ಲ ಲಿಫ್ಟಿನಲ್ಲೇ, ಆದರೆ ಲಿಫ್ಟು ಕೆಟ್ಟು ಒಬ್ಬರೂ ಸತ್ತದ್ದಿಲ್ಲ. ಕೇಬಲ್ ಕಡಿದು ಬೀಳುವುದೆಲ್ಲ ಸಿನಿಮಾದಲ್ಲಿ, ಅಸಲಿಗೆ ತಪ್ಪು ಯಾವಾಗಲೂ ಹತ್ತಿದವರದೇ ಎಂದು ಅವರು ಪ್ರತಿ ಸಾವಿಗೂ ಒಮ್ಮೆ ವಿವರಿಸುತ್ತಿದ್ದರು. ನಾದಿನಿ ಬ್ಯಾಂಕಿನಲ್ಲಿ ಕೌಂಟರಿನವಳು, ಬೆಳಿಗ್ಗೆಯಿಂದ ಸಂಜೆಯವರೆಗೆ ಜನರಿಗೆ ನಗುಮುಖ ತೋರಿಸಿ ದಣಿದವಳು. ಅವಳ ಸಂಸಾರದವರೆಲ್ಲ ಸಾಲಿನಲ್ಲಿ ನಿಂತಲ್ಲೇ ಗೊಟಕ್ ಎನ್ನುತ್ತಿದ್ದರು.

ಇಂಥ ಮನೆಗೆ ಸೊಸೆಯಾಗಿ ಬಂದವಳು ತುರ್ತು ಕರೆ ಕೇಂದ್ರದಲ್ಲಿ ಒಂಬತ್ತು ವರ್ಷ ಫೋನ್ ಎತ್ತಿದವಳು. ಬಿದ್ದವರು, ಸುಟ್ಟುಕೊಂಡವರು, ಉಸಿರು ಕಟ್ಟಿದವರು ಎಲ್ಲರೂ ಮೊದಲು ಅವಳಂಥ ಹದಿನಾರು ಮಂದಿಯ ಕಿವಿಗೇ ಬರುತ್ತಾರೆ. ಹೆದರಬೇಡಿ ಎಂದು ಹೇಳಿ, ಕೇಳಬೇಕಾದ್ದನ್ನು ಕೇಳಿ, ಆಂಬುಲೆನ್ಸ್ ಕಳಿಸಿ, ಅದು ಬಂದು ಬಾಗಿಲು ತಟ್ಟುವವರೆಗೆ ಮಾತಾಡಿಸುತ್ತಾ ಇರುವುದು ಅವಳ ಕೆಲಸ. ಬಾಗಿಲು ತಟ್ಟಿದ ಸದ್ದು ಕೇಳಿದ ಕೂಡಲೆ ಫೋನ್ ಇಡಬೇಕು, ಸಾಲಿನಲ್ಲಿ ಮುಂದಿನ ಕರೆ ಕಾಯುತ್ತಿರುತ್ತದೆ.

ಮೊದಲ ಭಾನುವಾರವೇ ಎಡವಟ್ಟಾಯಿತು. ಅತ್ತೆ ತಾವೇ ಬರೆದ 'ಗುಂಡಿ ನುಂಗಿದರು' ಎಂಬ ಎಲೆಯನ್ನು ಅಜ್ಜನ ಮೇಲಿಟ್ಟು, ಅದರ ಮೇಲೆ ಕಪ್ಪು ಎಲೆ ಇಳಿಸಿ, ಕೋಟಿನ ದೊಡ್ಡ ಗುಂಡಿ ಗಂಟಲಿಗೆ ಅಡ್ಡ ಸಿಕ್ಕಿ ಅಜ್ಜ ನೀಲಿಯಾಗುವವರೆಗೆ ಕತೆಯನ್ನು ತಂದಿದ್ದರು. ಸೊಸೆ ಮುಂದಕ್ಕೆ ಬಾಗಿ ಕೂತಳು.

"ಅಜ್ಜಂಗೆ ಕೆಮ್ಮು ಬರ್ತಿದೆಯಾ ಅತ್ತೆ?"

"ಇಷ್ಟೊತ್ತು ಬರ್ತಿತ್ತು, ಈಗ ನಿಂತ್ಹೋಯ್ತು," ಎಂದರು ಅತ್ತೆ, ಗೋಳು ಇನ್ನಷ್ಟು ಹೆಚ್ಚಲೆಂದು.

"ಪಕ್ಕದಲ್ಲಿ ಯಾರಿದಾರೆ?"

"ಸೊಸೆ ಇದಾಳೆ."

"ಅವ್ರನ್ನ ಮುಂದಕ್ಕೆ ಬಗ್ಗಿಸಿ, ಬೆನ್ನಿನ ಮಧ್ಯೆ ಅಂಗೈಲಿ ಐದು ಸಲ ಜೋರಾಗಿ ಹೊಡೆಯೋಕೆ ಹೇಳಿ. ನಾನಿಲ್ಲೇ ಇದೀನಿ. ಹೊಡೆದ್ರಾ? ಗುಂಡಿ ಬಂತಾ?"

ಆ ದನಿಯಲ್ಲಿ ಏನಿತ್ತೋ, ಮೂವತ್ತು ವರ್ಷ ಗಿರಾಕಿಗಳನ್ನು ಬೆದರಿಸಿಕೊಂಡು ಬಂದ ಅತ್ತೆ ಬಾಯಿ ತಪ್ಪಿ 'ಬಂತು' ಎಂದುಬಿಟ್ಟರು. ಅಜ್ಜ ಬದುಕಿದ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಅತ್ತೆಯ ಕಪ್ಪು ಎಲೆ ವಾಪಸ್ಸು ಅವರ ಕೈಗೆ ಹೋಯಿತು. ಪಕ್ಕದಲ್ಲೇ ಆಡುತ್ತಿದ್ದ ಮಗನಿಗೆ, ಅಂದರೆ ಸೊಸೆಯ ಗಂಡನಿಗೆ, ನಗು ಬಂತು, ಅಮ್ಮನ ಮುಖ ನೋಡಿ ಕೆಮ್ಮಿದ ಹಾಗೆ ಮಾಡಿದ.

ಅಲ್ಲಿಂದ ಇದೇ ಗೋಳು. ಅವಳಿರುವ ಮೇಜಿನ ಮೇಲೆ ಒಬ್ಬ ನರಪಿಳ್ಳೆ ಸಾಯುವ ಹಾಗಿಲ್ಲ. ಏಣಿಯಿಂದ ಬಿದ್ದವರ ಕುತ್ತಿಗೆ ಅಲ್ಲಾಡಿಸದಂತೆ ನೋಡಿಕೊಳ್ಳುತ್ತಿದ್ದಳು. ಮಾವ ಎರಡು ಮಹಡಿಗಳ ನಡುವೆ ಸಿಕ್ಕಿಸಿದ ರಟ್ಟಿನ ಹೆಂಡತಿಯನ್ನು ಕೆಳಗೆ ಕೂರಿಸಿ, ನಿಧಾನ ಉಸಿರಾಡಿಸಿ, ಲಿಫ್ಟಿನೊಳಗೆ ಬರೆದಿರುವ ಸಂಖ್ಯೆ ಓದಿಸಿ, ಹನ್ನೊಂದು ನಿಮಿಷದಲ್ಲಿ ಹೊರಗೆ ತೆಗೆಸಿದಳು. ಹಾಗೆ ಮಾಡುವುದೇ ಸರಿಯಾದ ಕ್ರಮವಾದ್ದರಿಂದ ಮಾವನಿಗೆ ಎದುರಾಡಲು ಆಗಲಿಲ್ಲ. ಬೇಕೆಂದು ಮಾಡುತ್ತಿದ್ದಳೇ ಅಂದರೆ ಇಲ್ಲ. ಬಾಯಿ ತಾನಾಗಿ ತೆರೆದುಕೊಳ್ಳುತ್ತಿತ್ತು. ಪ್ರತಿ ಸಲವೂ ಸಾರಿ ಅತ್ತೆ, ಸಾರಿ ಮಾವ ಎಂದು ಕಿವಿ ಕೆಂಪಗೆ ಮಾಡಿಕೊಳ್ಳುತ್ತಿದ್ದಳು.

ತನ್ನ ಸರದಿ ಬಂದಾಗ ಇನ್ನೂ ಕಷ್ಟ. ಕತೆ ಚೆನ್ನಾಗಿಯೇ ಶುರುವಾಗುತ್ತಿತ್ತು. ಯಜಮಾನ ಬೀಳುತ್ತಿದ್ದ, ರಕ್ತ ಹೋಗುತ್ತಿತ್ತು, ಹೆಂಡತಿ ಟವೆಲ್ ಒತ್ತಿ ಹಿಡಿಯುತ್ತಿದ್ದಳು. ಎಲ್ಲರೂ ಮುಂದಕ್ಕೆ ಬಾಗಿ ಕೂರುತ್ತಿದ್ದರು. ಅಷ್ಟರಲ್ಲಿ ಸೊಸೆ, ಆಂಬುಲೆನ್ಸ್ ಬಂತು ಎಂದು ಸುಮ್ಮನಾಗುತ್ತಿದ್ದಳು.

"ಆಮೇಲೆ?" ಎನ್ನುತ್ತಿದ್ದಳು ನಾದಿನಿ.

"ಆಮೇಲೆ ಇಟ್ಟುಬಿಟ್ಟೆ."

"ಏನು ಇಟ್ಟುಬಿಟ್ರಿ ಅತ್ತಿಗೆ?"

"ಫೋನು."

ಇದು ಅವಳ ತಪ್ಪಲ್ಲ, ಅವಳ ಕೆಲಸ ಇರುವುದೇ ಹಾಗೆ. ಆರಂಭ ಸಿಗುತ್ತದೆ, ನಡು ಸಿಗುತ್ತದೆ, ಕೊನೆ ಸಿಗುವುದಿಲ್ಲ. ಒಂಬತ್ತು ವರ್ಷದಲ್ಲಿ ಒಂದು ಕತೆಯ ಕೊನೆಯೂ ನನಗೆ ಗೊತ್ತಿಲ್ಲ ಎಂದು ಅವಳು ಎಲ್ಲರಿಗೂ ಹೇಳಿದ್ದಳು. ಗೊತ್ತಿಲ್ಲದ್ದನ್ನು ಸುಮ್ಮನೆ ಕಟ್ಟಿ ಹೇಳಲು ನಾಲಗೆ ಏಳುತ್ತಿರಲಿಲ್ಲ. ಹೀಗಾಗಿ ಅವಳ ಸಂಸಾರದ ನಾಲ್ವರೂ ವಾರಗಟ್ಟಲೆ ಗುಂಡುಕಲ್ಲಿನ ಹಾಗೆ ಬದುಕಿದ್ದರು, ಅವಳು ಹನ್ನೊಂದು ಭಾನುವಾರ ಸೊನ್ನೆ ಸುತ್ತಿದಳು.

ಸೊನ್ನೆ ಸುತ್ತಿದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಮೂರಕ್ಕೆ ಮುಗಿಯುವ ಆಟ ಆರಾದರೂ ಮುಗಿಯದಾಯಿತು. ಮಾವನ ನಿದ್ದೆ ಹಳ್ಳ ಹಿಡಿಯಿತು. ನಾದಿನಿಗೆ ನಾಲ್ಕು ಸಲ ಬಸ್ಸು ತಪ್ಪಿತು. ಅತ್ತೆ ಸೋಮವಾರ ಕೊಡಬೇಕಿದ್ದ ಶರಟುಗಳು ಬುಧವಾರಕ್ಕೆ ಹೋದವು. ಹನ್ನೆರಡನೆಯ ಭಾನುವಾರ ಸಂಜೆ ಆರೂವರೆಗೆ, ಮೇಜಿನ ಮೇಲೆ ಇಪ್ಪತ್ತು ಜನ ಆರೋಗ್ಯವಾಗಿ ಕೂತಿರುವಾಗ ಮಾವ ಕನ್ನಡಕ ತೆಗೆದರು.

ಅವರು ಸಿಟ್ಟಾಗಲಿಲ್ಲ, ಲಿಫ್ಟು ಪರೀಕ್ಷೆ ಮಾಡಿ ವರದಿ ಕೊಡುವವರ ಹಾಗೆ ಹೇಳಿದರು. ಮುಂದಿನ ವಾರ ಯಾರ ಕತೆಯಲ್ಲೂ ಬಾಯಿ ಹಾಕಬಾರದು. ತನ್ನ ಸರದಿಯಲ್ಲಿ ಒಬ್ಬರನ್ನಾದರೂ ಸಾಯಿಸಬೇಕು. "ಆಗ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಮ್ಮ, ಮುಂದಿನ ಕೋಣೇಲಿ ಚಿಕ್ಕಪ್ಪನ ಜೊತೆ ಟಿವಿ ನೋಡು," ಎಂದರು. ಬೇಕಾದರೆ ಟಿವಿಗೆ ಸ್ವಲ್ಪ ಸೌಂಡು ಇಟ್ಟುಕೊಳ್ಳಬಹುದು ಎಂದು ಅತ್ತೆ ರಿಯಾಯಿತಿ ತೋರಿದರು.

ಚಿಕ್ಕಪ್ಪ ಅಂದರೆ ಮಾವನ ತಮ್ಮ. ಎಂಟು ವರ್ಷದ ಹಿಂದೆ ಅವನೂ ಆ ಮೇಜಿನಲ್ಲಿದ್ದ. ಅತ್ತೆ ಒಮ್ಮೆ ತಮ್ಮ ರಟ್ಟಿನ ಯಜಮಾನನನ್ನು ಜಿಪುಣತನದಿಂದ ಸಾಯಿಸಿದ್ದು ತನ್ನನ್ನೇ ಕುಟುಕಿದ್ದು ಎಂದು ಅವನು ಎದ್ದುಹೋದ. ಏಳು ಎಂದು ಯಾರೂ ಹೇಳಿರಲಿಲ್ಲ, ವಾಪಸ್ಸು ಬಾ ಎಂದೂ ಹೇಳಲಿಲ್ಲ. ಈಗಲೂ ತಪ್ಪದೆ ಭಾನುವಾರ ಬರುತ್ತಾನೆ, ಊಟ ಮಾಡುತ್ತಾನೆ, ಆಟಕ್ಕೆ ತೊಂದರೆಯಾಗದಂತೆ ಮುಂದಿನ ಕೋಣೆಯಲ್ಲಿ ಶಬ್ದವಿಲ್ಲದ ಟಿವಿ ನೋಡುತ್ತಾನೆ. ಅವನ ಮೇಲೆ ಯಾರಿಗೂ ಹಗೆಯಿಲ್ಲ, ಆದರೆ ಅವನಿಗೆ ಯಾವ ಸುದ್ದಿಯೂ ಮುಟ್ಟುವುದಿಲ್ಲ. ಆ ಮನೆಯವರು ವಾರವಿಡೀ ಮಾತಾಡುವವರಲ್ಲ. ಮಾವನಿಗೆ ಮೋಟಾರಿನ ಸದ್ದಿಗೆ ಅರ್ಧ ಕಿವಿ ಹೋಗಿತ್ತು, ಅತ್ತೆಯ ಬಾಯಲ್ಲಿ ಸದಾ ಗುಂಡುಸೂಜಿ. ಹೇಳಬೇಕಾದ್ದನ್ನೆಲ್ಲ ಎಲೆ ಇಳಿಸುತ್ತಾ ಹೇಳಿಕೊಳ್ಳುವುದು. ನಾದಿನಿಗೆ ಕೆಲಸ ಸಿಕ್ಕಿದ್ದು ಹಾಗೇ ತಿಳಿದದ್ದು. ಮಗ ಈ ಹುಡುಗಿಯನ್ನು ಮದುವೆಯಾಗುತ್ತೇನೆಂದು ಬಾಯಿಬಿಟ್ಟದ್ದೂ ಒಬ್ಬ ಅಜ್ಜನನ್ನು ಮೆಟ್ಟಿಲಿನಿಂದ ಉರುಳಿಸುತ್ತಿರುವಾಗಲೇ. ಚಿಕ್ಕಪ್ಪನಿಗೆ ಆ ಮದುವೆ ಗೊತ್ತಾದದ್ದು ಅಂಚೆಯಲ್ಲಿ ಬಂದ ಆಮಂತ್ರಣ ಪತ್ರಿಕೆಯಿಂದ.

ಸೊಸೆಗೆ ಹೆದರಿಕೆ ಹುಟ್ಟಿದ್ದು ಇದಕ್ಕೇ. ಚಿಕ್ಕಂದಿನಲ್ಲೇ ಅಪ್ಪ ಅಮ್ಮನನ್ನು ಕಳೆದುಕೊಂಡವಳು ಅವಳು, ದೊಡ್ಡಮ್ಮನ ಮನೆಯಲ್ಲಿ ಎರಡು ವರ್ಷ, ಸೋದರತ್ತೆಯ ಮನೆಯಲ್ಲಿ ಮೂರು ವರ್ಷ, ಉಳಿದದ್ದು ಹಾಸ್ಟೆಲಿನಲ್ಲಿ ಬೆಳೆದಿದ್ದಳು. ಯಾರೂ ಕೆಟ್ಟದಾಗಿ ನೋಡಿಕೊಂಡಿರಲಿಲ್ಲ. ಆದರೆ ಎಲ್ಲ ಕಡೆಯೂ ಪಕ್ಕದ ಕೋಣೆಯಲ್ಲಿ ಜನ ನಗುತ್ತಿದ್ದರೆ ಅದು ಯಾಕೆಂದು ಅವಳಿಗೆ ಗೊತ್ತಾಗುತ್ತಿರಲಿಲ್ಲ. ಈ ಮೇಜಿನಲ್ಲಿ ಅವಳಿಗೆ ಒಂದು ಕುರ್ಚಿ ಇತ್ತು. ಅದರ ಒಂದು ಕಾಲು ಗಿಡ್ಡ, ಕೂತರೆ ಲಟಕ್ ಎನ್ನುತ್ತಿತ್ತು. ಆ ಕುರ್ಚಿ ಅವಳಿಗೆ ಬೇಕಾಗಿತ್ತು, ಅಷ್ಟೇ. ಅದಕ್ಕಾಗಿ ಒಬ್ಬ ರಟ್ಟಿನ ಮನುಷ್ಯನನ್ನು ಸಾಯಿಸಬೇಕಿತ್ತು.

ಗಂಡ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವನು, ಸಮಾಧಾನದ ಮನುಷ್ಯ. ಇದು ಅಭ್ಯಾಸದಿಂದ ಬರುವಂಥದ್ದು ಎಂದು ವಾರವಿಡೀ ತಯಾರಿ ಮಾಡಿಸಿದ. ಟೆರೇಸಿನ ಮೇಲೆ ಬಟ್ಟೆ ಒಣಹಾಕುತ್ತಾ, ಮೊದಲು ಚಿಕ್ಕದರಿಂದ ಶುರು ಮಾಡು, ಒಂದು ಜಿರಳೆ ಸಾಯಿಸು ಎಂದ. ಜಿರಳೆ ಸತ್ತಿತು. ಬೆಕ್ಕಿನ ಹತ್ತಿರ ಬಂದಾಗ ಎಷ್ಟು ಎತ್ತರದಿಂದ ಬಿತ್ತು ಎಂದು ಕೇಳಿ ಅದನ್ನು ಉಳಿಸಿದಳು. ಗುರುವಾರ ನೇರವಾಗಿ ಯಜಮಾನನಿಗೇ ಕೈ ಹಾಕಿದರು. ಅವನು ಮೆಟ್ಟಿಲು ಜಾರಿ ಬಿದ್ದ, ತಲೆಗೆ ಪೆಟ್ಟಾಯಿತು, ನಾಲ್ಕು ನಿಮಿಷಕ್ಕೆ ಆಂಬುಲೆನ್ಸ್ ಬಂತು.

"ಆಂಬುಲೆನ್ಸ್ ಟೈರ್ ಪಂಕ್ಚರ್ ಮಾಡು," ಎಂದ ಗಂಡ.

"ಇನ್ನೊಂದು ಕಳಿಸ್ತೀವಿ ರೀ."

"ಅದಕ್ಕೂ ಪಂಕ್ಚರ್ ಮಾಡು."

"ಒಂದೇ ದಿನ ಎರಡು ಗಾಡಿ ಪಂಕ್ಚರ್ ಆದ್ರೆ ಮೇಲಿನವರಿಗೆ ಉತ್ತರ ಕೊಡೋರು ಯಾರು?" ಎಂದು ಅವಳು ನಿಜವಾಗಿಯೇ ಚಿಂತೆಗೆ ಬಿದ್ದಳು. ಗಂಡ ಕ್ಲಿಪ್ಪುಗಳ ಬುಟ್ಟಿ ಎತ್ತಿಕೊಂಡು ಕೆಳಗಿಳಿದ.

ಕಚೇರಿಯಲ್ಲಿ ಪಕ್ಕದ ಕುರ್ಚಿಯವಳನ್ನು ಕೇಳಿದಳು, ನೀನು ಕೊನೆಗಳನ್ನು ಏನು ಮಾಡುತ್ತೀಯ ಎಂದು. ಆಕೆ ಹದಿನೈದು ವರ್ಷದ ಅನುಭವಸ್ಥೆ. ಫೋನ್ ಇಟ್ಟ ಕೂಡಲೆ ಎಲ್ಲರನ್ನೂ ಮನಸ್ಸಿನಲ್ಲೇ ವಾಸಿ ಮಾಡಿ ಮನೆಗೆ ಕಳಿಸಿಬಿಡುತ್ತೇನೆ, ಆಮೇಲೆ ಅವರು ಆಸ್ತಿಗೆ ಕಿತ್ತಾಡುತ್ತಾರೆ ಎಂದುಕೊಳ್ಳುತ್ತೇನೆ, ಆಗ ಅಷ್ಟಾಗಿ ನೆನಪಾಗುವುದಿಲ್ಲ ಎಂದಳು. ಸೊಸೆಗೆ ಇದು ಉಪಾಯವೆಂದೇನೋ ಕಂಡಿತು, ಆದರೆ ಭಾನುವಾರಕ್ಕೆ ಕೆಲಸಕ್ಕೆ ಬರುವಂಥದ್ದಾಗಿರಲಿಲ್ಲ.

ಭಾನುವಾರ ಬಂತು. ಊಟ ಮುಗಿಯಿತು. ಚಿಕ್ಕಪ್ಪ ಮುಂದಿನ ಕೋಣೆಗೆ ಹೋದ. ಯಾರೂ ಹೇಳದಿದ್ದರೂ ಅವನು ಟಿವಿಯ ಎದುರು ಇನ್ನೊಂದು ಕುರ್ಚಿ ಎಳೆದಿಟ್ಟದ್ದನ್ನು ಸೊಸೆ ಬಾಗಿಲಿನಿಂದ ನೋಡಿದಳು. ಅವನು ಒಳ್ಳೆಯ ಮನಸ್ಸಿನಿಂದಲೇ ಇಟ್ಟಿದ್ದ.

ಮಾವ ಎಲೆ ಹಂಚಿದರು. ಸೊಸೆ ಬಾಯಿಗೆ ಬೀಗ ಹಾಕಿಕೊಂಡು ಕೂತಳು. ಕೆನ್ನೆಯನ್ನು ಒಳಗಿನಿಂದ ಕಚ್ಚಿ ಹಿಡಿದಿದ್ದಳು. ಅತ್ತೆಯ ಅಜ್ಜ ಇಸ್ತ್ರಿಪೆಟ್ಟಿಗೆಯ ವೈರು ಮುಟ್ಟಿ ಹೋದ. ಮೇನ್ ಸ್ವಿಚ್ ಆರಿಸಿದರಾ ಎಂಬ ಪ್ರಶ್ನೆ ಸೊಸೆಯ ನಾಲಗೆಯ ತುದಿಯವರೆಗೆ ಬಂದು ವಾಪಸ್ಸು ಹೋಯಿತು. ನಾದಿನಿಯ ರಟ್ಟಿನ ಹೆಂಡತಿ ಫಾರಂ ತುಂಬುತ್ತಲೇ ಟಿಕೆಟ್ ತಗೊಂಡಳು. ಮಾವ ತಮ್ಮ ಮಗಳನ್ನು ಲಿಫ್ಟಿನ ಹೊಂಡಕ್ಕೆ ಬೀಳಿಸಿ, ಬಾಗಿಲು ಬಲವಂತವಾಗಿ ತೆಗೆದದ್ದು ಅವಳದೇ ತಪ್ಪು ಎಂದು ಸಾಬೀತು ಮಾಡಿದರು. ಗಂಡ ಹೆಂಡತಿಯ ಮುಖವನ್ನೇ ನೋಡುತ್ತಾ ತನ್ನ ಅಜ್ಜನನ್ನು ಅವಸರದಲ್ಲಿ ಮುಗಿಸಿದ. ಎರಡೂಮುಕ್ಕಾಲಿಗೆಲ್ಲ ಹನ್ನೊಂದು ಜನ ಹೋಗಿದ್ದರು. ಹಳೆಯ ಕಾಲ ಮತ್ತೆ ಬಂದ ಹಾಗಾಗಿ ಮಾವನ ಮುಖ ಅರಳಿತ್ತು.

ಸೊಸೆಯ ಸರದಿ ಬಂತು. ಅವಳ ಕೈಯಲ್ಲಿ ಒಂದು ಕಪ್ಪು ಎಲೆ ಇತ್ತು. ಅದನ್ನು ಯಜಮಾನನ ಮೇಲಿಟ್ಟಳು. ಕಪ್ಪು ಎಲೆಯ ಕೆಳಗೆ ಯಜಮಾನನ ಮೀಸೆ ಮುಚ್ಚಿಹೋಯಿತು, ಚಪ್ಪಲಿ ಮಾತ್ರ ಕಾಣುತ್ತಿತ್ತು.

"ಯಜಮಾನ್ರು ಕಿಟಕಿ ಪರದೆ ಹಾಕೋಕೆ ಸ್ಟೂಲ್ ಹತ್ತಿದ್ರು," ಎಂದು ಶುರು ಮಾಡಿದಳು.

ನಾದಿನಿ ಬಸ್ಸಿನ ಸಮಯ ನೋಡಿಕೊಂಡಳು. ಈ ಕತೆ ಎಲ್ಲಿಗೆ ಹೋಗುತ್ತದೆಂದು ಎಲ್ಲರಿಗೂ ಗೊತ್ತಿತ್ತು.

ಬಿದ್ದದ್ದರಿಂದ ಅವರಿಗೇನೂ ಆಗಿರಲಿಲ್ಲ, ಎದೆ ಹಿಡಿದುಕೊಂಡೇ ಬಿದ್ದಿದ್ದರು. ಹೆಂಡತಿಗೆ ಅರವತ್ತು ದಾಟಿತ್ತು. ಮಧ್ಯಾಹ್ನ ಹನ್ನೆರಡೂ ಹತ್ತಕ್ಕೆ ಫೋನ್ ಮಾಡಿದರು. ಉಸಿರಾಟವಿರಲಿಲ್ಲ. ಎದೆಯ ನಡುವೆ ಎರಡೂ ಕೈ ಇಟ್ಟು ಒತ್ತಿ, ನಾನು ಎಣಿಸುತ್ತೇನೆ, ನೀವೂ ಎಣಿಸಿ ಎಂದು ಹೇಳಲಾಯಿತು. ಆಕೆ ಎಣಿಸಿದರು. ಮೂವತ್ತಕ್ಕೆ ಬಂದಾಗಲೆಲ್ಲ ಮತ್ತೆ ಒಂದರಿಂದ. ಆಂಬುಲೆನ್ಸ್ ಹೊರಟಿತ್ತು.

"ಬಂತು," ಎಂದಳು ನಾದಿನಿ, ಎಲೆ ವಾಪಸ್ಸು ಕೊಡಲು ಕೈ ಚಾಚುತ್ತಾ.

"ಬರ್ಲಿಲ್ಲ," ಎಂದಳು ಸೊಸೆ.

ಮಾವ ಕನ್ನಡಕ ಸರಿ ಮಾಡಿಕೊಂಡರು. ಯಾಕೆ ಬರಲಿಲ್ಲ ಎಂದು ಮೊದಲ ಪ್ರಶ್ನೆ ಹಾಕಿದರು. ಪೈಪು ಹಾಕಲೆಂದು ಅವತ್ತು ಬೆಳಿಗ್ಗೆಯೇ ರಸ್ತೆ ಅಗೆದಿದ್ದರು, ಅದು ನಮ್ಮ ನಕ್ಷೆಯಲ್ಲಿರಲಿಲ್ಲ, ಸುತ್ತಿ ಬರುವ ದಾರಿಯಲ್ಲಿ ರೈಲ್ವೆ ಗೇಟು ಬಿದ್ದಿತ್ತು ಎಂದು ಸೊಸೆ ಥಟ್ಟನೆ ಹೇಳಿದಳು. ಮಾವ ತಲೆಯಾಡಿಸಿದರು, ಉತ್ತರ ಗಟ್ಟಿಯಾಗಿತ್ತು. ಕಟ್ಟಿ ಹೇಳುವ ಉತ್ತರ ಅಷ್ಟು ಗಟ್ಟಿ ಇರುವುದಿಲ್ಲ ಎಂದು ಅತ್ತೆಗೆ ಆಗಲೇ ಹೊಳೆದಿರಬೇಕು. ಅವರು ಕೈಯಲ್ಲಿದ್ದ ಎಲೆಗಳನ್ನು ಮಗುಚಿ ಮೇಜಿನ ಮೇಲಿಟ್ಟರು.

ಇಪ್ಪತ್ತು ನಿಮಿಷ ಒತ್ತಿದ ಮೇಲೆ ಆಕೆ, ನಿಲ್ಲಿಸಲಾ ಎಂದು ಕೇಳಿದರು. ನಿಲ್ಲಿಸಬೇಡಿ ಎಂದು ಹೇಳಲಾಯಿತು. ಇನ್ನೂ ಏಳು ನಿಮಿಷ ಒತ್ತಿದರು. ಆಮೇಲೆ ಎಣಿಕೆ ಹದಿನಾಲ್ಕಕ್ಕೆ ನಿಂತಿತು.

"ಸಾಕು ಕಣಮ್ಮ ಅಂದ್ರು. ಇವ್ರು ಹೋಗಿ ತುಂಬ ಹೊತ್ತಾಯ್ತು, ನಂಗೊತ್ತಾಗುತ್ತೆ, ನೀನು ಹೇಳ್ತಿದೀಯ ಅಂತ ಒತ್ತುತಿದ್ದೆ ಅಂದ್ರು."

ಸೊಸೆ ನೋಡುತ್ತಿದ್ದದ್ದು ಯಜಮಾನನ ಚಪ್ಪಲಿಯನ್ನು. ಬಾಗಿಲು ತಟ್ಟುವವರೆಗೆ ಫೋನ್ ಇಡುವ ಹಾಗಿರಲಿಲ್ಲ, ಅದು ಕಾನೂನು. ಹಾಗಾಗಿ ಇಬ್ಬರೂ ಇನ್ನೂ ಹನ್ನೊಂದು ನಿಮಿಷ ಹಾಗೇ ಇದ್ದರು. ಆಚೆ ಕಡೆ ಎಲ್ಲೋ ಪ್ರೆಶರ್ ಕುಕ್ಕರ್ ಕೂಗಿತು, ಆಕೆ ಎದ್ದು ಹೋಗಿ ಒಲೆ ಆರಿಸಿ ಬಂದರು.

"ಬಂದು ಏನು ಕೇಳಿದ್ರು ಗೊತ್ತಾ ಅತ್ತೆ? ನಿಂದು ಊಟ ಆಯ್ತಾಮ್ಮ ಅಂತ ಕೇಳಿದ್ರು. ಇಲ್ಲ ಅಂದೆ. ಆಗ ಬಾಗಿಲು ತಟ್ಟಿದ್ರು. ಬಂದ್ರು ಅನ್ಸುತ್ತೆ, ಇಡ್ತೀನಿ, ಹೊತ್ತಾಗಿದೆ, ಮೊದ್ಲು ಊಟ ಮಾಡು ಅಂದ್ರು. ಇಟ್ರು."

ಆಮೇಲೆ ಎಂದು ನಾದಿನಿ ಕೇಳಿದಳು. ಅದು ಎರಡನೆಯ ಪ್ರಶ್ನೆಯೋ, ಸುಮ್ಮನೆ ಬಾಯಿಂದ ಬಂದದ್ದೋ, ಯಾರೂ ಲೆಕ್ಕ ಹಾಕಲಿಲ್ಲ.

"ಆಮೇಲೆ ಊಟ ಮಾಡಿದೆ. ಡಬ್ಬಿ ಪೂರ್ತಿ ಖಾಲಿ ಮಾಡಿದೆ. ತುಂಬ ಹಸಿವಾಗಿತ್ತು, ರುಚಿಯಾಗಿತ್ತು. ತಿನ್ನುವಾಗ ಅಳು ಬರ್ಲಿಲ್ಲ. ಎಂಥ ಹೆಂಗಸು ನಾನು ಅಂತ ನಂಗೇ ಅಸಹ್ಯ ಆಯ್ತು. ಐದು ವರ್ಷ ಆಯ್ತು ಅತ್ತೆ, ಇವ್ರಿಗೂ ಹೇಳಿಲ್ಲ."

ಗಂಡ ತನ್ನ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡ.

ಅತ್ತೆ ಆಟದಲ್ಲಿ ಕೇಳುವ ದನಿಯಲ್ಲೇ, ಸ್ವಲ್ಪ ಮೆಲ್ಲಗೆ, ಕೇಳಿದರು.

"ಆ ಹೆಂಗಸಿಗೆ ಅವತ್ತು ಊಟ ಯಾರು ಹಾಕಿದ್ರು?"

ಉಸಿರಿದೆಯಾ, ಪ್ರಜ್ಞೆ ಇದೆಯಾ, ಯಾವ ಮಹಡಿ, ಬಾಗಿಲಿಗೆ ಬೀಗ ಇದೆಯಾ ಎಂದು ಒಂಬತ್ತು ವರ್ಷದಲ್ಲಿ ಕೇಳಬೇಕಾದ್ದನ್ನೆಲ್ಲ ಕೇಳಿದವಳು ಸೊಸೆ. ಹನ್ನೊಂದು ನಿಮಿಷ ಸುಮ್ಮನೆ ಕೂತಿದ್ದಾಗ ಇದೊಂದು ಅವಳಿಗೆ ಹೊಳೆದಿರಲಿಲ್ಲ. ಮನೆಯಲ್ಲಿ ಇನ್ನು ಯಾರಿದ್ದಾರೆ ಎಂದೂ ಕೇಳಿರಲಿಲ್ಲ.

"ಗೊತ್ತಿಲ್ಲ ಅತ್ತೆ," ಎಂದಳು. "ಕೇಳ್ಲಿಲ್ಲ ನಾನು."

ಗೊತ್ತಿಲ್ಲ ಎಂದರೆ ಉತ್ತರ ತಪ್ಪಿದ ಹಾಗೆ. ಹನ್ನೆರಡು ವರ್ಷದ ಅಭ್ಯಾಸ, ಮಾವನ ಕೈ ತಾನಾಗಿ ಕಪ್ಪು ಎಲೆಯನ್ನು ಎತ್ತಿ ವಾಪಸ್ಸು ಕೊಡಲು ಮುಂದೆ ಬಂತು. ಎತ್ತಿದರೆ ಯಜಮಾನ ಬದುಕುತ್ತಾನೆ. ಸೊಸೆ ಎಲೆಯ ಮೇಲೆ ಅಂಗೈ ಇಟ್ಟಳು.

"ಬೇಡ ಮಾವ. ಅವ್ರು ಸತ್ತುಹೋಗಿದಾರೆ."

ಹೇಳಿದ ಮೇಲೆ ಅವಳು ಅತ್ತಳು. ಸೆರಗು, ಕರ್ಚೀಫು ಏನೂ ಹುಡುಕದೆ, ಕೈಯನ್ನೂ ಎಲೆಯ ಮೇಲಿಂದ ತೆಗೆಯದೆ ಅತ್ತಳು. ಮಾವ ತಮ್ಮ ಕೈ ಹಿಂದಕ್ಕೆ ತೆಗೆದುಕೊಂಡರು. ನಿಯಮದ ಹಾಳೆಯನ್ನು ಒಮ್ಮೆಯೂ ಮೀರದ ಮನುಷ್ಯ, ಸರಿ ಎಂದು ಗೊಣಗಿ ಅಂಕದ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಒಂದು ಸಾವು ಬರೆದರು. ಕಷ್ಟದ ಎಲೆ ಒಂದನ್ನೂ ಹಾಕದೆ ಸಾಯಿಸಿದ್ದರಿಂದ ಅದಕ್ಕೆ ಅಂಕ ಸೊನ್ನೆಯೇ ಬಂತು. ಅದನ್ನೂ ಬರೆದರು.

ಮೂರೂ ಇಪ್ಪತ್ತಾಗಿತ್ತು. ಮುಂದಿನ ಸರದಿ ಅತ್ತೆಯದು, ಅವರ ಹತ್ತಿರ ಗೆಲ್ಲುವ ಎಲೆ ಇತ್ತು. ಅವರು ಅದನ್ನು ಎತ್ತಲಿಲ್ಲ. ಸೊಸೆಯ ಅಳು ಇಳಿಯುವವರೆಗೆ ಕಾದು, ನೀರಿನ ಲೋಟ ಅವಳ ಕಡೆ ಸರಿಸಿದರು.

"ಊಟ ಆದ್ಮೇಲೆ ಬಂದ ಫೋನು ಯಾರದು?"

ಸೊಸೆ ಮೂಗು ಒರೆಸಿಕೊಂಡಳು. ಯಾರೋ ಒಬ್ಬ ಮೇಷ್ಟ್ರು, ಮಹಡಿ ನೀರಿನ ಟ್ಯಾಂಕಿನೊಳಗೆ ಇಳಿದು ಮೇಲೆ ಬರಲಾಗದೆ ಸಿಕ್ಕಿಬಿದ್ದಿದ್ದರು ಎಂದಳು. "ಅದರ ಕೊನೆ ನಂಗೊತ್ತಿಲ್ಲ ಅತ್ತೆ."

"ಗೊತ್ತಿರೋ ಅಷ್ಟು ಹೇಳು," ಎಂದರು ಅತ್ತೆ. ನಾದಿನಿ ಬಸ್ಸಿನ ಕಡೆ ಯೋಚನೆ ಬಿಟ್ಟು ಕಾಲು ಮೇಲೆತ್ತಿಕೊಂಡು ಕೂತಳು.